ಮೂರು ಸಲ ಒರೆಸಿದ ಹಲಗೆ

ಆ ನೀರಿಗೆ ಅಜ್ಜಿಯ ಹುಟ್ಟೂರಿನಲ್ಲಿ ಒಂದು ಹೆಸರಿತ್ತು. ದಡಕ್ಕೆ ಬಂದ ಹಾಗೆ ಮಾಡಿ, ಕಾಲಡಿಯಿಂದಲೇ ಮನುಷ್ಯನನ್ನು ಹೊರಕ್ಕೆ ಎಳೆದುಕೊಂಡು ಹೋಗುವ ನೀರು.

“ಸೆ... ಸೆಳ...” ಗುಲಾಬಜ್ಜಿ ತಡಕಾಡಿದಳು. ಮಾತು ನಾಲಿಗೆಯ ತುದಿಗೆ ಬಂದು ಅಲ್ಲೇ ಕೂತಿತು. ಕರಾವಳಿಯ ತನ್ನೂರು ಬಿಟ್ಟು ಈ ದ್ವೀಪ ಸೇರಿ ಐವತ್ತು ವರ್ಷವಾಗಿತ್ತು.

“ಸೆಳವಾ ಅಜ್ಜಿ?” ಎಂದಳು ಮೊಮ್ಮಗಳು ವಿಶಾಖ.

“ಹಾಂ, ಅದೇ. ಕಪ್ಪು ಗೋಡೆಯ ಹತ್ತಿರ ಅದು ಉಂಟು. ಬರೆದಿದ್ದೀಯಾ?”

ವಿಶಾಖ ಬರೆದಿದ್ದಳು. ಆರು ವರ್ಷದಿಂದ ಅವಳು ಅಜ್ಜಿಯ ಶಿಷ್ಯೆ. ಬೆನ್ನಿಗೆ ಸಿಲಿಂಡರ್ ಕಟ್ಟಿಕೊಂಡು ಸಮುದ್ರದೊಳಗೆ ಇಳಿಯುವುದನ್ನು, ಅವಸರವಿಲ್ಲದೆ ಉಸಿರಾಡುವುದನ್ನು, ಅಲ್ಲಿ ಕೈಸನ್ನೆಯಲ್ಲಿ ಮಾತಾಡುವುದನ್ನು ಕಲಿಸಿದವಳು ಅಜ್ಜಿಯೇ.

ಅಜ್ಜಿ ಈಗ ನೀರಿಗೆ ಇಳಿಯುವುದಿಲ್ಲ. ದಡದ ಹೊನ್ನೆಮರದ ಕೆಳಗೆ ಕೂತಿರುತ್ತಾಳೆ. ಪ್ರವಾಸಿಗರನ್ನು ಕರೆದೊಯ್ಯುವವರು ಪ್ಲಾಸ್ಟಿಕ್ ಹಲಗೆಯೊಂದರ ಮೇಲೆ ಎಲ್ಲವನ್ನೂ ಬರೆದು ಅವಳಿಗೆ ತೋರಿಸಬೇಕು. ಇಳಿಯುವವರು ಎಷ್ಟು, ಎಷ್ಟು ಆಳ, ಎಷ್ಟು ಹೊತ್ತು, ಎಷ್ಟು ಗಾಳಿ ಉಳಿದಾಗ ಹಿಂದಿರುಗುವುದು, ಮೇಲೆ ಬರುವವರು ಎಷ್ಟು.

ಸರಿಯಿದ್ದರೆ ಅಜ್ಜಿ ಹಲಗೆ ವಾಪಸ್ ಕೊಡುತ್ತಾಳೆ. ಸರಿಯಿಲ್ಲದಿದ್ದರೆ ಹೆಬ್ಬೆರಳಿನಿಂದ ಒರೆಸುತ್ತಾಳೆ. ಯಾಕೆಂದು ಹೇಳುವುದಿಲ್ಲ.

ವಿಶಾಖ ಈ ಸಲ ಮೊದಲ ಬಾರಿಗೆ ತಾನೊಬ್ಬಳೇ ಅತಿಥಿಗಳನ್ನು ಕರೆದೊಯ್ಯಬೇಕಿತ್ತು. ಕೊಡಗಿನಿಂದ ರಜೆಗೆ ಬಂದ ಬೋಪಣ್ಣ ಮತ್ತು ಅವರ ಹೆಂಡತಿ ಮುತ್ತಮ್ಮ. ಶನಿವಾರ ಬೆಳಿಗ್ಗೆ ಹವಳದ ತೋಟ, ಭಾನುವಾರ ಬೆಳಿಗ್ಗೆ ಕಪ್ಪು ಗೋಡೆ. ಅಲ್ಲಿ ಚಾಪೆಯಷ್ಟು ಅಗಲದ ತೊರಕೆ ಮೀನುಗಳು ಸುತ್ತುತ್ತವೆ. ಅದನ್ನು ನೋಡಲಿಕ್ಕೆಂದೇ ಅವರು ಅಷ್ಟು ದೂರದಿಂದ ಬಂದಿದ್ದರು.

ಮೂರು ದಿನದಿಂದ ವಿಶಾಖಳಿಗೆ ಹೆದರಿಕೆ. ಕಣ್ಣು ಮುಚ್ಚಿದರೆ ಒಂದೇ ಚಿತ್ರ. ತಾನು ಮೇಲೆ ಬಂದು ತಲೆ ಎಣಿಸುತ್ತಾಳೆ, ಒಂದು ಕಡಿಮೆ. ಮತ್ತೆ ಎಣಿಸುತ್ತಾಳೆ, ಒಂದು ಕಡಿಮೆ.

ಶುಕ್ರವಾರ ಸಂಜೆ ಶನಿವಾರದ ಹಲಗೆಯನ್ನು ಅಜ್ಜಿ ಒಪ್ಪಿದಳು. ಭಾನುವಾರದ ಹಲಗೆಯಲ್ಲಿ ಇಪ್ಪತ್ತೆಂಟು ಮೀಟರ್ ಆಳವಿತ್ತು. ಅದನ್ನು ಒರೆಸಿದಳು.

ವಿಶಾಖ ಹದಿನೆಂಟು ಎಂದು ಬರೆದಳು. ಅಜ್ಜಿ ಒರೆಸಿದಳು.

ಹನ್ನೆರಡು ಎಂದು ಬರೆದು, ಇಪ್ಪತ್ತು ನಿಮಿಷ ಸಾಕೆಂದಳು. ದೋಣಿಯಿಂದ ಒಂದು ಹಗ್ಗವನ್ನೂ ಇಳಿಬಿಡುವುದೆಂದು ಸೇರಿಸಿದಳು. ಅಜ್ಜಿ ಅದನ್ನೂ ಒರೆಸಿದಳು.

“ಇನ್ನೆಷ್ಟು ಕಡಿಮೆ ಮಾಡಲಿ? ಮೊಣಕಾಲುದ್ದದ ನೀರಲ್ಲಿ ನಿಲ್ಲಿಸಿ ಫೋಟೊ ತೆಗೆದು ಕಳಿಸಲಾ?”

“ಆಳಕ್ಕೆ ಎಂತ ಆಗಿದೆ? ಅವರು ಏರುವುದು ಇನ್ನೂ ಮುಗಿದಿಲ್ಲ.”

“ಎಂಟೂ ನಲವತ್ತಕ್ಕೆ ದೋಣಿಯಲ್ಲಿ ಇರುತ್ತಾರಲ್ಲ ಅಜ್ಜಿ.”

“ಆಮೇಲೆ?”

“ಚಾ, ಬಿಸ್ಕತ್ತು.”

“ಆಮೇಲೆ?”

“ರೂಮಿಗೆ ಹೋಗಿ ಬ್ಯಾಗ್ ಕಟ್ಟಿ, ಹನ್ನೊಂದೂವರೆಗೆ ವಿಮಾನ...”

ಅವಳು ಹಲಗೆಯನ್ನು ಮರಳಿನ ಮೇಲೆ ಇಟ್ಟಳು.

ಇದು ಅವಳಿಗೆ ಗೊತ್ತಿಲ್ಲದ್ದಲ್ಲ. ಆಳದಲ್ಲಿ ಉಸಿರಾಡಿದ ಗಾಳಿ ರಕ್ತದಲ್ಲಿ ಕರಗಿ ಕೂತಿರುತ್ತದೆ. ಅದು ನಿಧಾನವಾಗಿ ಹೊರಗೆ ಹೋಗಬೇಕು. ಅದಕ್ಕೆ ಮೊದಲೇ ವಿಮಾನ ಹತ್ತಿದರೆ, ಮೇಲೆ ಒತ್ತಡ ಕಡಿಮೆಯಾಗಿ, ಸೋಡಾ ಬಾಟಲಿ ತೆರೆದ ಹಾಗೆ ಮೈಯೊಳಗೆ ಗುಳ್ಳೆ ಏಳುತ್ತದೆ. ಒಂದು ಇಡೀ ದಿನ ಕಾಯಬೇಕೆಂದು ಪರೀಕ್ಷೆಯಲ್ಲಿ ಬರೆದು ಪಾಸಾಗಿದ್ದಳು. ಆದರೆ ಅವಳ ಹಲಗೆ ದೋಣಿಯಲ್ಲೇ ಮುಗಿಯುತ್ತಿತ್ತು.

ಸಮುದ್ರಕ್ಕೆ ಅಷ್ಟು ಹೆದರಿದವಳು ಒಂದು ಸಲವೂ ಆಕಾಶವನ್ನು ನೋಡಿರಲಿಲ್ಲ.

ಅಷ್ಟರಲ್ಲಿ ಬೋಪಣ್ಣ ಹೆಂಡತಿಯ ಜೊತೆ ಅಲ್ಲಿಗೆ ಬಂದು, ಭಾನುವಾರ ಎಷ್ಟು ಗಂಟೆಗೆ ತಯಾರಿರಬೇಕೆಂದು ಕೇಳಿದರು.

ವಿಶಾಖ ಎದ್ದು ನಿಂತಳು. ಭಾನುವಾರ ಇಳಿಯುವಂತಿಲ್ಲ ಎಂದಳು. ಯಾಕೆಂದೂ ಹೇಳಿದಳು. ದನಿ ಅವಳಿಗೇ ಸರಿಯಾಗಿ ಕೇಳಿಸಲಿಲ್ಲ.

ಬೋಪಣ್ಣ ಮೊದಲು ನಕ್ಕರು, ಆಮೇಲೆ ವಾದಿಸಿದರು. ತಮ್ಮ ಸ್ನೇಹಿತನೊಬ್ಬ ಹೀಗೇ ಮಾಡಿ ಗುಂಡುಕಲ್ಲಿನ ಹಾಗೆ ಇದ್ದಾನಂತೆ. ಆಚೆ ದಡದ ದೋಣಿಯವನನ್ನು ಕೇಳಿದರೆ ಭಾನುವಾರವೂ ಕರೆದೊಯ್ಯುತ್ತಾನಂತೆ. ಕೊನೆಗೆ ಮರದ ಕಡೆ ನೋಡಿ ಹೇಳಿದರು:

“ನಿಮ್ಮಜ್ಜಿಗೆ ಹೆದರಿಕೆ ಅಂತ ಕಾಣುತ್ತೆ.”

“ಹೌದು,” ಎಂದಳು ಗುಲಾಬಜ್ಜಿ. “ಹೆದರಿಕೆಯೇ.”

ಅವಳು ಎದ್ದಳು. ಮರಳಿನ ಮೇಲೆ ಎಡಗಾಲು ಎಳೆಯುತ್ತಾ ಬೋಪಣ್ಣನ ಎದುರಿಗೆ ಬಂದಳು. ಹಿಂದೆ ಒಂದು ಗೆರೆ ಉಳಿಯಿತು. ಎಳೆವಯಸ್ಸಿನಲ್ಲಿ ಎಲ್ಲೋ ಬಿದ್ದು ಕಾಲು ಹಾಗಾಯಿತೆಂದೇ ವಿಶಾಖ ತಿಳಿದಿದ್ದಳು.

“ನಮ್ಮಮ್ಮ ತೀರಿಕೊಂಡ ಸುದ್ದಿ ಬಂದಾಗ ನಾನು ಆಗಷ್ಟೇ ನೀರಿನಿಂದ ಎದ್ದಿದ್ದೆ. ಮುಖ ನೋಡುವ ಅವಸರ. ಮಧ್ಯಾಹ್ನದ ವಿಮಾನ ಹತ್ತಿದೆ. ಇಳಿಯುವಾಗ ಈ ಕಾಲು ನನ್ನದಾಗಿ ಇರಲಿಲ್ಲ. ಅಮ್ಮನನ್ನು ಹೊತ್ತುಕೊಂಡು ಹೋದವರು ತಿರುಗಿ ಬಂದು ನನ್ನನ್ನು ಹೊತ್ತರು.”

ಮುತ್ತಮ್ಮ ಆ ಗೆರೆಯನ್ನೇ ನೋಡುತ್ತಿದ್ದರು. ಆಮೇಲೆ ಗಂಡನ ತೋಳು ಹಿಡಿದು, ತಮಗೆ ತೊರಕೆಯೂ ಬೇಡ, ಗೋಡೆಯೂ ಬೇಡ, ಎರಡು ಕಾಲಲ್ಲಿ ನಡೆದು ಮನೆ ಸೇರಿದರೆ ಸಾಕೆಂದರು.

ಬೋಪಣ್ಣನ ಮುಖ ಇಳಿದಿತ್ತು. ಹಾಗಾದರೆ ಹವಳದ ತೋಟ ಬಿಟ್ಟು ನಾಳೆಯೇ ಕಪ್ಪು ಗೋಡೆಗೆ ಹೋಗಬಹುದೇ ಎಂದು ತಗ್ಗಿದ ದನಿಯಲ್ಲಿ ಕೇಳಿದರು. ನಾಳೆ ಬೆಳಿಗ್ಗೆ ಇಳಿದರೆ ವಿಮಾನಕ್ಕೆ ಮೊದಲು ಇಡೀ ದಿನ ಸಿಗುತ್ತಿತ್ತು. ಅಜ್ಜಿ ಆಗಲೆಂದು ತಲೆಯಾಡಿಸಿದಳು. ಹಾಗಿದ್ದರೆ ತಾವೂ ಬರುತ್ತೇವೆಂದರು ಮುತ್ತಮ್ಮ.

ಅವರು ಹೋದರು. ವಿಶಾಖ ಹಲಗೆ ಎತ್ತಿಕೊಂಡಳು. ಕಪ್ಪು ಗೋಡೆಯ ಹೆದರಿಕೆ ಒಂದು ದಿನ ಹತ್ತಿರ ಬಂದಿತ್ತು.

ಶನಿವಾರ, ಕಪ್ಪು ಗೋಡೆ. ಹದಿನೆಂಟು ಮೀಟರ್, ಮೂವತ್ತು ನಿಮಿಷ. ಅರ್ಧ ಗಾಳಿಗೆ ಹಿಂದಿರುಗುವುದು. ಮೇಲೆ ಬರುವಾಗ ಐದು ಮೀಟರಿನಲ್ಲಿ ಮೂರು ನಿಮಿಷ ನಿಲ್ಲುವುದು. ಕೊನೆಯ ಸಾಲಿನಲ್ಲಿ ಬರೆದಳು: ಭಾನುವಾರ, ವಿಮಾನದವರೆಗೆ ದಡ.

ಅಕ್ಷರಗಳು ಸೊಟ್ಟಗಿದ್ದವು. ಅಜ್ಜಿ ಪೂರ್ತಿ ಓದಿದಳು. ಹೆಬ್ಬೆರಳು ಮೇಲೇಳಲಿಲ್ಲ.

“ಅಜ್ಜಿ, ನನ್ನ ಹೆದರಿಕೆ ಹೋಗಿಲ್ಲ. ನಾಳೆ ಅದನ್ನು ಎಲ್ಲಿ ಬಿಟ್ಟು ಇಳಿಯಲಿ?”

“ಇಳಿಯುವವರು ಎಷ್ಟು ಅಂತ ಬರೆದಿದ್ದೀ?”

“ಮೂರು.”

ಅಜ್ಜಿ ಹಲಗೆಯನ್ನು ಅವಳ ಮಡಿಲಿಗಿಟ್ಟಳು. ಪೆನ್ಸಿಲನ್ನು ಅವಳ ಬೆರಳುಗಳ ನಡುವೆ ಸೇರಿಸಿದಳು.

“ನಾಲ್ಕು. ಅದನ್ನೂ ಕರಕೊಂಡು ಹೋಗು, ಕೆಳಗೆ ಬಿಟ್ಟು ಬರಬೇಡ. ಬರೆ ಮಗಾ.”