ತೂತು ಹೊಡೆಯದ ಕ್ಯಾನು

ಶಿಷ್ಯನೊಬ್ಬ ಗುರುಗಳನ್ನು ಕೇಳಿದ: “ನಾನೊಂದು ತಪ್ಪು ಮಾಡಿದೆ. ಮಾಡಿದ ಮೇಲೆ ಅರಿವಾಯಿತು, ಮತ್ತೆ ಮಾಡಲಿಲ್ಲ. ಅದು ಯಾರಿಗೂ ಗೊತ್ತಿಲ್ಲ. ಈಗ ಅದನ್ನು ಬಾಯಿಬಿಟ್ಟು ಹೇಳಲೇಬೇಕೆ?”

ಗುರುಗಳು ಅವನ ಮುಖ ನೋಡಿದರು. ತಪ್ಪು ಏನೆಂದು ಕೇಳಲಿಲ್ಲ. ಒಂದು ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ರೈತನಿದ್ದ. ಬದನೆ ಬೆಳೆಯುತ್ತಿದ್ದ. ಹುಳ ಬಿದ್ದಾಗ ಎಲ್ಲರಂತೆ ಅವನೂ ವಿಷ ಹೊಡೆಯುತ್ತಿದ್ದ. ಎಲ್ಲರಂತೆ ಅವನೂ ಅದನ್ನು ಔಷಧಿ ಎಂದೇ ಕರೆಯುತ್ತಿದ್ದ. ಆದರೆ ಒಂದು ವಿಷಯದಲ್ಲಿ ಅವನು ಎಲ್ಲರಂತಲ್ಲ. ಔಷಧಿ ಮುಗಿದ ಮೇಲೆ ಕ್ಯಾನನ್ನು ಮೂರು ಸಲ ತೊಳೆದು, ತೊಳೆದ ನೀರನ್ನು ಬೆನ್ನಿಗೆ ಹೊರುವ ಪಂಪಿಗೇ ಸುರಿದು, ಅದೇ ಹೊಲಕ್ಕೆ ಹೊಡೆದು ಮುಗಿಸುತ್ತಿದ್ದ. ಮತ್ತೆ ಯಾರೂ ಬಳಸದ ಹಾಗೆ ಕ್ಯಾನಿನ ತಳಕ್ಕೆ ಮೊಳೆಯಿಂದ ತೂತು ಹೊಡೆದು, ಅಂಥ ಕ್ಯಾನುಗಳನ್ನು ಒಯ್ಯಲು ಬರುವ ಗಾಡಿಗೆ ಕೊಡುತ್ತಿದ್ದ. ಅದಕ್ಕೆಂದೇ ಒಂದು ಮೊಳೆಯನ್ನು ಪಂಪಿನ ಪಟ್ಟಿಗೆ ದಾರದಲ್ಲಿ ಕಟ್ಟಿಕೊಂಡಿದ್ದ. ಊರವರು ನಗುತ್ತಿದ್ದರು. ಅವನು ಬಿಡದೆ ಅವರಿಗೂ ಹೇಳಿಕೊಡುತ್ತಿದ್ದ. ಹೇಳಿಕೊಡುವುದರಲ್ಲಿ ಅವನಿಗೆ ಸ್ವಲ್ಪ ಖುಷಿಯೂ ಇತ್ತೆನ್ನು.

ಒಂದು ದಿನ ಮನೆಗೆ ನೆಂಟರು ಬಂದಿದ್ದರು. ಅವನಿಗೆ ಅವಸರ. ಕ್ಯಾನಿನ ತಳದಲ್ಲಿ ಅರ್ಧ ಲೋಟದಷ್ಟು ಉಳಿದಿತ್ತು. ಅದನ್ನು ಬೇಲಿಯ ಬುಡಕ್ಕೆ ಚೆಲ್ಲಿ, ಕ್ಯಾನನ್ನೂ ಅಲ್ಲೇ ಎಸೆದ. ನಾಳೆ ಬಂದು ತೂತು ಹೊಡೆದರಾಯಿತು ಎಂದುಕೊಂಡ. ನಡುವೆ ಮಳೆ ಬಂತು. ಮೂರು ದಿನ ಬಿಟ್ಟು ಹೋದಾಗ ಕ್ಯಾನು ಇರಲಿಲ್ಲ. ನಾಯಿಯೋ ಗಾಳಿಯೋ ಒಯ್ದಿರಬೇಕು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ.

ಹದಿನೈದು ದಿನ ಕಳೆಯಿತು. ಪಕ್ಕದ ಹೊಲದ ಹೆಣ್ಣುಮಗಳು ಅವನ ಮನೆ ಬಾಗಿಲಿಗೆ ಬಂದಳು. ಕೈಯಲ್ಲಿ ಅದೇ ಕ್ಯಾನು. ಅದರ ಮೇಲಿನ ಚೀಟಿ ಮಳೆಗೆ ಕಿತ್ತುಹೋಗಿತ್ತು. ಹುಣಸೆಹಣ್ಣು, ಬೂದಿ ಹಾಕಿ ಬೆಳ್ಳಗಾಗುವಂತೆ ಉಜ್ಜಿದ್ದಳು.

“ಅಣ್ಣಾ, ಈ ಕ್ಯಾನು ನಿಮ್ಮದಲ್ವಾ? ಬೇಲಿ ಹತ್ರ ಬಿದ್ದಿತ್ತು. ಇಷ್ಟು ದಿನ ನಮ್ಮೋರಿಗೆ ಹೊಲಕ್ಕೆ ಇದರಲ್ಲೇ ನೀರು ಒಯ್ತಿದ್ದೆ. ಬರೀ ಕ್ಯಾನು ವಾಪಸ್ ಕೊಡಬಾರದಲ್ಲ, ಅದಕ್ಕೆ ಒಂದಿಷ್ಟು ಮಜ್ಜಿಗೆ ತುಂಬ್ಕೊಂಡು ತಂದೀನಿ.”

ರೈತ ಕೇಳಿದ: “ಇದು ಯಾತರ ಕ್ಯಾನು ಅಂತ ನೋಡ್ಲಿಲ್ವೇನಮ್ಮ?”

“ಮೊದಲು ಅನುಮಾನ ಬಂತು. ತಿರುವಿ ನೋಡಿದೆ, ತಳದಲ್ಲಿ ತೂತಿಲ್ಲ. ಔಷಧಿ ಕ್ಯಾನಾಗಿದ್ರೆ ನೀವು ತೂತು ಹೊಡೀದೆ ಬಿಡ್ತೀರಾ?”

ಆಗ ಒಂದು ಮಾತು ಸಾಕಿತ್ತು. ಅದು ನಾಲಿಗೆಯ ತುದಿಯವರೆಗೆ ಬಂತು. ಊರಿಗೆಲ್ಲ ಬುದ್ಧಿ ಹೇಳಿದವನು ತಾನೇ ಹೀಗೆ ಮಾಡಿದೆ ಎಂದು ಹೇಗೆ ಹೇಳುವುದು? ಚೆನ್ನಾಗಿ ತೊಳೆದಿದ್ದಾಳಲ್ಲ, ಏನೂ ಆಗಿರಲಿಕ್ಕಿಲ್ಲ ಎಂದುಕೊಂಡ. ಕ್ಯಾನು ಇಸಿದುಕೊಂಡ. ಅವಳು ಮರೆಯಾದ ಮೇಲೆ ಗುಂಡಿ ತೋಡಿ ಮಜ್ಜಿಗೆಯನ್ನು ಸುರಿದು ಮುಚ್ಚಿದ. ಕ್ಯಾನಿಗೆ ಒಂದಲ್ಲ, ಐದು ತೂತು ಹೊಡೆದ. ಇನ್ನೆಂದೂ ಈ ತಪ್ಪು ಮಾಡುವುದಿಲ್ಲ ಎಂದು ಆಣೆ ಇಟ್ಟುಕೊಂಡ. ಆ ಆಣೆಯನ್ನು ಅವನು ಮುರಿಯಲೂ ಇಲ್ಲ.

ಅವಳ ಗಂಡನಿಗೆ ಆಗಲೇ ಹೊಟ್ಟೆ ತೊಳಸುತ್ತಿತ್ತು. ಕೆಲವು ದಿನಕ್ಕೆ ಕಾಲು ಸೋತವು. ಮೈಗೆ ವಿಷವೇನಾದರೂ ಸೇರಿದೆಯೇ ಎಂದು ವೈದ್ಯರು ಕೇಳಿದರು. ನಮ್ಮದು ರಾಗಿ ಹೊಲ, ಔಷಧಿ ಬೇಕಿಲ್ಲ, ಮನೆಯಲ್ಲಿ ಅಂಥದ್ದು ಇಟ್ಟುಕೊಳ್ಳುವುದೇ ಇಲ್ಲ ಎಂದಳು. ಅವಳು ಸುಳ್ಳು ಹೇಳಲಿಲ್ಲ. ವೈದ್ಯರು ಬೇರೇನೋ ಕಾಯಿಲೆ ಎಂದು ತಿಳಿದು ಮದ್ದು ಕೊಡುತ್ತ ಹೋದರು. ರೈತ ದಿನವೂ ಎಳನೀರು ಒಯ್ದು ವಿಚಾರಿಸಿಕೊಂಡು ಬರುತ್ತಿದ್ದ. ಮನೆಗೆ ಬಂದರೆ ಅನ್ನ ಸೇರುತ್ತಿರಲಿಲ್ಲ. ಅವಳು ಕ್ಯಾನು ತಂದುಕೊಟ್ಟ ಇಪ್ಪತ್ತನೆಯ ದಿನ ತಡೆಯಲಾರದೆ ಅವಳಿಗೂ ವೈದ್ಯರಿಗೂ ಎಲ್ಲವನ್ನೂ ಹೇಳಿಬಿಟ್ಟ. ವೈದ್ಯರು ಮದ್ದು ಬದಲಿಸಿದರು. ಜೀವ ಉಳಿಯಿತು. ಕಾಲಿಗೆ ಬಲ ತಿರುಗಿ ಬರಲಿಲ್ಲ.

ಹೆಣ್ಣುಮಗಳು ಬೈಯಲಿಲ್ಲ, ಅಳಲಿಲ್ಲ. ಒಂದೇ ಮಾತು ಕೇಳಿದಳು.

“ಆವತ್ತು ನಾನು ತಂದ ಮಜ್ಜಿಗೆ ನೀವು ಕುಡಿದ್ರಾ, ಅಣ್ಣಾ?”

ಅವಳು ಬಾಗಿಲಲ್ಲಿ ನಿಂತಾಗಲೇ ಹೇಳಿದ್ದರೆ, ಹೇಳಿದ್ದರೆ ಎಂದು ರೈತ ಬದುಕಿರುವವರೆಗೂ ಕೊರಗಿದ.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಶಿಷ್ಯನಿಗೆ ಸುಮ್ಮನಿರಲಾಗಲಿಲ್ಲ. “ಕೊನೆಗಾದರೂ ಹೇಳಿದನಲ್ಲ, ಗುರುಗಳೇ,” ಎಂದ.

“ಹೇಳಿದ, ಇಪ್ಪತ್ತು ದಿನಕ್ಕೆ. ನಿನ್ನದಕ್ಕೆ ಎಷ್ಟು ದಿನವಾಯಿತು?”