ಬಸ್ ಸ್ಟ್ಯಾಂಡಿನ ಬೋರ್ಡಿನಲ್ಲಿ ಆಸ್ಪತ್ರೆಯ ಹಾಸಿಗೆ

ಬನ್ನಿ ಮಕ್ಕಳೇ, ಕಾಲು ಮಡಚಿ ಕೂತುಕೊಳ್ಳಿ. ಆ ಮೊಬೈಲು ಬೋರಲು ಹಾಕಿ. ಹಾಂ, ಈಗ ಕೇಳಿ.

ದೊಡ್ಡ ರೋಗ ಬಂತಲ್ಲ, ಅದರ ಮೊದಮೊದಲ ದಿನಗಳು. ಒಂದು ಊರು, ಊರಿಗೆ ಮೂರು ಆಸ್ಪತ್ರೆ. ಬಸ್ಸುಗಳ ಓಡಾಟ ನಿಂತಿತ್ತು. ಯಾವ ಆಸ್ಪತ್ರೆಯಲ್ಲಿ ಎಷ್ಟು ಹಾಸಿಗೆ ಖಾಲಿ ಅನ್ನೋದು ಒಳಗಿನವರಿಗೆ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ.

ಆ ಊರಲ್ಲಿ ಲಾಲಸಾಬ ಅಂತ ಆಟೋ ಓಡಿಸುವವನಿದ್ದ. ಒಂದು ದಿನ ಅವನ ಹೆಂಡತಿ ಹುಸೇನಬಿಗೆ ಉಸಿರು ಸಿಗದಂತಾಯಿತು. ಆಟೋದಲ್ಲಿ ಕೂರಿಸಿಕೊಂಡು ಹೊರಟ. ಮೊದಲ ಆಸ್ಪತ್ರೆಯ ಗೇಟಿನಲ್ಲೇ ಜಾಗ ಇಲ್ಲ ಅಂದರು. ಎರಡನೆಯದರಲ್ಲಿ ಕಾವಲಿನ ಯಮನೂರಪ್ಪ ದೂರದಿಂದಲೇ ಕೈಯಾಡಿಸಿದ. "ಫುಲ್ ಆಗೇತಿ ಮಾರಾಯಾ, ಮುಂದ ನಡಿ." ಮೂರನೆಯದರಲ್ಲೂ ಅದೇ ಮಾತು. ಹುಸೇನಬಿಯ ತುಟಿ ನೀಲಿಗಟ್ಟುತ್ತಿತ್ತು.

ವಾಪಸ್ ಬರುವ ದಾರಿಯಲ್ಲಿ ಬಸ್ ಸ್ಟ್ಯಾಂಡು. ಅಲ್ಲಿ ಕಂಟ್ರೋಲರ್ ರೇವಣಸಿದ್ದಪ್ಪ ಒಬ್ಬನೇ ಕೂತಿದ್ದ. ಬಸ್ಸಿಲ್ಲದಿದ್ದರೂ ದಿನಾ ಬಂದು ಕೂರುವ ಮನುಷ್ಯ. ಲಾಲಸಾಬ ನೀರು ಕೇಳಲು ಇಳಿದ.

"ಏನೋ ಲಾಲ್ಯಾ, ಇಂಥಾದ್ರಾಗೂ ನಿನಗ ಪ್ಯಾಸೆಂಜರ್ ಸಿಕ್ಕರಾ?" ಅಂತ ಚೇಷ್ಟೆ ಮಾಡಿದವನು ಆಟೋದೊಳಗೆ ನೋಡಿ ನಗು ನುಂಗಿಕೊಂಡ.

"ಎಲ್ಲೂ ಜಾಗಾ ಇಲ್ಲಂತರೀ ಅಣ್ಣಾ."

"ಯಾರಂದ್ರು?"

"ಗೇಟಿನವರು."

"ಎಷ್ಟು ಗಂಟೆದ್ದು ಮಾತು ಅದು?"

ಕಂಟ್ರೋಲರ್ ಅಂದರೆ ಹಾಗೇ ನೋಡಿ. ಬಸ್ಸು ಬಂದರೂ ಗಂಟೆ ಬರೆಯಬೇಕು, ಹೋದರೂ ಬರೆಯಬೇಕು. ಗಂಟೆ ಇಲ್ಲದ ಮಾತನ್ನು ಅವನು ನಂಬುವವನಲ್ಲ. ಫೋನು ತೆಗೆದ. ಮೊದಲ ಆಸ್ಪತ್ರೆಯಲ್ಲಿ ಎತ್ತಲಿಲ್ಲ. ಎರಡನೆಯದರಲ್ಲಿ ಫಿಲೋಮಿನಾ ಸಿಸ್ಟರ್ ಎತ್ತಿದರು.

"ಸಿಸ್ಟರ್, ಈ ಹೊತ್ತಿನಾಗ ಎಷ್ಟು ಹಾಸಿಗಿ ಖಾಲಿ ಅದಾವ್ರೀ?"

"ಹೊರಗಿನವರಿಗೆ ಹೇಳಬಾರದು ಅಂತ ದೊಡ್ಡ ಡಾಕ್ಟರ್ ಆರ್ಡರ್ ಐತ್ರೀ. ಖಾಲಿ ಅಂದ್ರ ಜನ ನುಗ್ತಾರ, ಇಲ್ಲ ಅಂದ್ರ ಹೆದರ್ತಾರ ಅಂತ."

ರೇವಣಸಿದ್ದಪ್ಪ ವಾದ ಮಾಡಲಿಲ್ಲ. ಫೋನನ್ನು ಹುಸೇನಬಿಯ ಬಾಯಿ ಹತ್ತಿರ ಹಿಡಿದ. ಸಿಸ್ಟರ್ ಆ ಏದುಸಿರು ಕೇಳಿದರು. ಹೇಳಿದರೆ ನೌಕರಿಗೆ ಕುತ್ತು. ಹೇಳದಿದ್ದರೆ ಜೀವಕ್ಕೆ.

"ಎರಡು ಖಾಲಿ ಅದಾವು. ಹನ್ನೆರಡಕ್ಕ ಇಬ್ಬರು ಮನೀಗೆ ಹೋದ್ರು. ಲಗೂನ ಕರಕೊಂಡು ಬರ್ರಿ, ನಾನೇ ಗೇಟಿಗೆ ಬರ್ತೀನಿ."

ಯಮನೂರಪ್ಪ ಸುಳ್ಳು ಹೇಳಿರಲಿಲ್ಲ, ಪಾಪ. ಬೆಳಿಗ್ಗೆ ಎಂಟಕ್ಕೆ ಒಳಗಿನವರು ಅವನಿಗೆ ಹೇಳಿದ್ದನ್ನೇ ಮಧ್ಯಾಹ್ನ ಎರಡಕ್ಕೂ ಹೇಳುತ್ತಿದ್ದ.

ಹುಸೇನಬಿಗೆ ಹಾಸಿಗೆ ಸಿಕ್ಕಿತು, ಆಕ್ಸಿಜನ್ ಸಿಕ್ಕಿತು. ಸಂಜೆ ದೊಡ್ಡ ಡಾಕ್ಟರ್ ಸಿಸ್ಟರನ್ನು ಬೈಯಲು ಕರೆದರು. ಸಿಸ್ಟರ್ ಹೇಳಿದರು, "ಬೈಯೋದು ಇದ್ದೇ ಇದೆ ಸಾರ್. ಮೊದಲು ಯಮನೂರಪ್ಪನ್ನ ಒಂದು ಮಾತು ಕೇಳಿ. ಆ ಎರಡು ಹಾಸಿಗೆ ಖಾಲಿ ಇದ್ದಾಗ ಎಷ್ಟು ಗಾಡಿ ವಾಪಸ್ ಕಳಿಸಿದ ಅಂತ."

ಯಮನೂರಪ್ಪ ಬೆರಳು ಮಡಚಿ ಎಣಿಸಿದ. "ಒಂಬತ್ತು ರೀ ಸಾರ್."

ಡಾಕ್ಟರ್ ಬೈಯುವುದನ್ನು ಬಿಟ್ಟರು. ಆಮೇಲೆ ಅಂದರು, "ನಾಳೆಯಿಂದ ಕೇಳಿದವರಿಗೆಲ್ಲ ಹೇಳಿ. ಗಂಟೆ ಸಮೇತ."

ಮರುದಿನ ರೇವಣಸಿದ್ದಪ್ಪ ಬೋರ್ಡಿನ ಮೇಲಿದ್ದ ಬಸ್ಸಿನ ವೇಳೆಗಳನ್ನು ಒರೆಸಿ ಮೂರೂ ಆಸ್ಪತ್ರೆಯ ಹೆಸರು ಬರೆದ. ಎರಡೆರಡು ತಾಸಿಗೊಮ್ಮೆ ಫೋನು ಮಾಡಿ, ಖಾಲಿ ಎಷ್ಟು, ಕೇಳಿದ ಗಂಟೆ ಎಷ್ಟು ಅಂತ ಬರೆಯುತ್ತಿದ್ದ. ಒಂದು ಆಸ್ಪತ್ರೆಯವರು ಲೆಕ್ಕ ಕೊಟ್ಟ ಮೇಲೆ ಉಳಿದೆರಡರವರೂ ಕೊಟ್ಟರು. ಯಾರೂ ನುಗ್ಗಲಿಲ್ಲ. ಜಾಗ ಎಲ್ಲಿದೆ ಅಂತ ತಿಳಿದ ಮೇಲೆ ಯಾಕೆ ನುಗ್ಗುತ್ತಾರೆ? ಮೂರಕ್ಕೂ ಸೊನ್ನೆ ಬರೆದ ದಿನಗಳೂ ಇದ್ದವು. ಆಗ ಜನ ಊರು ಸುತ್ತದೆ ನೇರ ಪಕ್ಕದ ಊರಿಗೆ ಹೊರಟರು. ಎಲ್ಲರೂ ಉಳಿದರು ಅಂತ ನಾನು ಹೇಳಲಾರೆ. ತುಂಬಾ ಜನ ಉಳಿದರು, ಅವರ ಮನೆಗಳಲ್ಲಿ ಇವತ್ತು ದೀಪ ಉರಿಯುತ್ತಿದೆ.

ಹುಸೇನಬಿ ಹನ್ನೊಂದನೇ ದಿನ ನಡೆದುಕೊಂಡೇ ಗೇಟು ದಾಟಿದಳು. ಪ್ರತಿ ರಂಜಾನಿಗೆ ಸಿಸ್ಟರ್ ಮನೆಗೂ ಕಂಟ್ರೋಲರ್ ಮನೆಗೂ ಶಾವಿಗೆ ಪಾಯಸ ಸುರಕುಂಬಾ ಕಳಿಸುತ್ತಾಳೆ. ಲಾಲಸಾಬ ಈಗಲೂ ಆಸ್ಪತ್ರೆ ಸವಾರಿ ಬಂದರೆ ಫೋನು ಮಾಡಿ ಕೇಳಿಯೇ ಆಟೋ ಶುರು ಮಾಡುತ್ತಾನೆ. ಯಮನೂರಪ್ಪ ಒಳಗೆ ಹೋಗಿ ವಿಚಾರಿಸದೆ ಯಾರಿಗೂ ಇಲ್ಲ ಅನ್ನುವುದಿಲ್ಲ. ಫಿಲೋಮಿನಾ ಸಿಸ್ಟರ್ ನೌಕರಿ ಹೋಗಲಿಲ್ಲ, ಅವರೀಗ ಹೆಡ್ ನರ್ಸ್. ದೊಡ್ಡ ಡಾಕ್ಟರ್ ನಿವೃತ್ತಿಯ ದಿನ ಎಲ್ಲರೆದುರು ಮೊದಲು ಕೈಮುಗಿದದ್ದು ಆ ಸಿಸ್ಟರಿಗೆ. ರೇವಣಸಿದ್ದಪ್ಪನೂ ರಿಟೈರಾಗಿ ಮೊಮ್ಮಗಳಿಗೆ ಸೈಕಲ್ ಕಲಿಸುತ್ತಿದ್ದಾನೆ, ತಣ್ಣಗಿರಲಿ.

ನೀತಿ: ಜೀವ ಉಳಿಸುವ ಸುದ್ದಿಯನ್ನು ಬಚ್ಚಿಡಬಾರದು. ನಿನ್ನೆಯದನ್ನಲ್ಲ, ಈ ಹೊತ್ತಿನದನ್ನು ಎಲ್ಲರಿಗೂ ಕಾಣುವಂತೆ ಹೇಳಬೇಕು. ಹಾಗೆ ಹೇಳಿದವರನ್ನು ನಾವು ಮರೆಯಬಾರದು.