ಎತ್ತಿಟ್ಟ ಅರ್ಧ

ನದಿಯ ದಂಡೆಯ ಮೇಲೊಂದು ಆಸ್ಪತ್ರೆ. ಅದರ ಹಿಂದಿನ ಕೋಣೆಯಲ್ಲಿ ಧರಣಪ್ಪ ಮೇಷ್ಟ್ರು ಸೂಕ್ಷ್ಮದರ್ಶಕದ ವಿದ್ಯೆ ಹೇಳಿಕೊಡುತ್ತಿದ್ದರು. ಬಲು ಜಿಪುಣ ಮನುಷ್ಯ. ಯಾರೂ ಇಲ್ಲದ ಕಡೆ ಫ್ಯಾನ್ ತಿರುಗಿದರೆ ಅವರ ಹೊಟ್ಟೆ ಉರಿಯುತ್ತಿತ್ತು.

ಅವರ ಶಿಷ್ಯೆ ಅಂಬಿಕಾ. ಓದಿನಲ್ಲಿ ಚುರುಕು, ಹಟದಲ್ಲಿ ಇನ್ನೂ ಚುರುಕು.

ಒಂದು ದಿನ ಬಸ್ ಡ್ರೈವರ್ ಮೌಲಾಸಾಬರ ಕಾಲಿನಿಂದ ತೆಗೆದ ನರದ ಚೂರೊಂದು ಬಂತು, ಅಕ್ಕಿಕಾಳಿನಷ್ಟು. ಪಾದಕ್ಕೆ ಏನು ಮುಟ್ಟಿದರೂ ತಿಳಿಯದೆ ಅವರು ಬಸ್ಸು ಬಿಟ್ಟು ಮನೆಯಲ್ಲಿ ಕೂತಿದ್ದರು. ನರ ಯಾಕೆ ಕೆಟ್ಟಿದೆ ಎಂದು ನೋಡಿಯೇ ಔಷಧ ಕೊಡಬೇಕು. ತಪ್ಪು ಔಷಧ ಬಿದ್ದರೆ ಉಳಿದದ್ದೂ ಹೋಗುತ್ತದೆ.

ನೋಡುವುದೇನು ಸುಲಭವಲ್ಲ. ಕೂದಲಿಗಿಂತ ಎಷ್ಟೋ ತೆಳ್ಳಗೆ ಹೆರೆಯಬೇಕು. ಮೆತ್ತನೆಯ ನರ ಹಾಗೆ ಹೆರೆಸಿಕೊಳ್ಳುವುದಿಲ್ಲ. ಆಲ್ಕೋಹಾಲಿನಲ್ಲಿ ಅದ್ದಿ ಅದ್ದಿ ಅದರೊಳಗಿನ ನೀರನ್ನೆಲ್ಲ ಹೊರಹಾಕಬೇಕು. ನೀರು ಬಿಟ್ಟುಹೋದ ಜಾಗಕ್ಕೆ ಎಪಾಕ್ಸಿ ರೆಸಿನ್ ಎಂಬ ಜೇನಿನಂಥ ಅಂಟು ತುಂಬಬೇಕು. ಆಮೇಲೆ ಓವನ್ನಿನಲ್ಲಿಟ್ಟರೆ ಒಳಗೂ ಹೊರಗೂ ಒಂದೇ ಸಮ ಕಲ್ಲಾಗುತ್ತದೆ.

ಮೇಷ್ಟ್ರು ಚೂರನ್ನು ಬ್ಲೇಡಿನಿಂದ ಎರಡು ಮಾಡಿದರು. ಅರ್ಧವನ್ನು ಅವಳ ಮುಂದಿಟ್ಟರು. ಇನ್ನರ್ಧವನ್ನು ಕೆಡದಂತೆ ಕಾಯುವ ದ್ರಾವಣದ ಸೀಸೆಗೆ ಮರಳಿ ಹಾಕಿದರು.

ಅಂಬಿಕಾಗೆ ಅದು ಚುಚ್ಚಿತು.

"ಸರ್, ನನ್ನ ಮೇಲೆ ನಂಬಿಕೆ ಇಲ್ವಾ?"

"ಆ ಕಡೆ ಫ್ಯಾನ್ ಆರಿಸಿ ಕೆಲಸ ಶುರು ಮಾಡು," ಎಂದರು ಮೇಷ್ಟ್ರು.

ಮಾಡಿ ತೋರಿಸುತ್ತೇನೆ ಎಂದುಕೊಂಡಳು. ಎಲ್ಲವನ್ನೂ ಹೇಳಿಕೊಟ್ಟ ಹಾಗೇ ಮಾಡಿದಳು. ಕೊನೆಯ ಸಲ ಅದ್ದುವುದಕ್ಕೆ ನೀರಿನ ಅಂಶವೇ ಇಲ್ಲದ ಆಲ್ಕೋಹಾಲ್ ಬೇಕು. ಸೀಲು ಒಡೆಯದ ಬಾಟಲಿ ಬೀರುವಿನಲ್ಲಿತ್ತು. ಎಂದೋ ತೆರೆದ ಬಾಟಲಿಯ ತಳದಲ್ಲೂ ಒಂದಿಷ್ಟು ಉಳಿದಿತ್ತು. ಇಷ್ಟು ಚೂರಿಗೆ ಹೊಸ ಬಾಟಲಿ ಒಡೆದರೆ ಮೇಷ್ಟ್ರು ಸುಮ್ಮನಿರುತ್ತಾರೆಯೇ? ಹಳೆಯದನ್ನೇ ಸುರಿದಳು.

ಓವನ್ನಿನಿಂದ ಹೊರಬಂದ ರೆಸಿನ್ ಬಿಲ್ಲೆ ಜೇನುಬಣ್ಣಕ್ಕೆ ಹೊಳೆಯುತ್ತಿತ್ತು. ಅದನ್ನು ಮೇಷ್ಟ್ರ ಅಂಗೈಯಲ್ಲಿಟ್ಟಳು.

"ಹೊಳಪೇನೋ ಇದೆ. ಹೆರೆ," ಎಂದರು.

ಗಾಜಿನ ಚಾಕುವಿನಿಂದ ಹೆರೆದಳು. ರೆಸಿನ್ ನುಣ್ಣಗೆ ಬಂತು. ನರ ಇರಬೇಕಾದ ಜಾಗದಲ್ಲಿ ತೂತು. ಮತ್ತೆ ಹೆರೆದಳು, ಮತ್ತೆ ತೂತು. ಹೊರಗೆಲ್ಲ ಕಲ್ಲು, ನಡುವೆ ಅಂಟಂಟು.

ಮೇಷ್ಟ್ರು ಖಾಲಿಯಾದ ಹಳೇ ಬಾಟಲಿಯನ್ನು ಎತ್ತಿ ನೋಡಿದರು. ಬಾಯಿ ತೆರೆದ ಆಲ್ಕೋಹಾಲ್ ಗಾಳಿಯ ತೇವ ಹೀರಿಕೊಳ್ಳುತ್ತದೆ ಎಂದು ಅವರೇ ಪಾಠ ಮಾಡಿದ್ದರು. ಅದನ್ನು ಮತ್ತೆ ಹೇಳಲಿಲ್ಲ.

"ನಿಮ್ಮ ಖರ್ಚು ಉಳಿಸೋಣ ಅಂತ, ಸರ್."

"ನನ್ನ ಖರ್ಚಾ? ಮೌಲಾಸಾಬರು ವರದಿ ಕೇಳೋಕೆ ಬಂದು ಹೊರಗೆ ಬೆಂಚಿನ ಮೇಲೆ ಕೂತಿದ್ದಾರೆ. ಎಷ್ಟು ಉಳಿಸಿದೆ ಅಂತ ಹೋಗಿ ಹೇಳು."

ಅಂಬಿಕಾ ಹೋದಳು. ತಪ್ಪನ್ನು ರೆಸಿನ್ನಿನ ಮೇಲೆ ಹಾಕಲಿಲ್ಲ, ಓವನ್ನಿನ ಮೇಲೂ ಹಾಕಲಿಲ್ಲ. ನಾನೇ ಕೆಡಿಸಿದೆ ಎಂದಳು.

ಮೌಲಾಸಾಬರು ತಮ್ಮ ಪಾದವನ್ನೇ ನೋಡುತ್ತ ಕೂತರು. "ನಾನೂ ಹೊಸದರಲ್ಲಿ ಬಸ್ಸನ್ನ ಗದ್ದೆಗೆ ಇಳಿಸಿದ್ದೆ, ಡಾಕ್ಟ್ರಮ್ಮ. ಆವಾಗ ಬ್ರೇಕು ಎಲ್ಲಿದೆ ಅಂತ ಕಾಲಿಗಾದ್ರೂ ಗೊತ್ತಿತ್ತು." ಕಾಲು ಮುಂದೆ ಚಾಚಿ ಕೇಳಿದರು. "ಇನ್ನೊಂದು ಚೂರು ಕೊಯ್ತೀರಾ?"

"ಬೇಡ. ಮೇಷ್ಟ್ರು ಅರ್ಧ ಎತ್ತಿಟ್ಟಿದ್ದಾರೆ."

ಹೇಳುವಾಗ ಅವಳ ದನಿ ತಗ್ಗಿತು.

ಒಳಗೆ ಬಂದವಳೇ ಬೀರು ತೆರೆದು ಹೊಸ ಬಾಟಲಿಯ ಸೀಲು ಒಡೆದಳು. ಮೇಷ್ಟ್ರು ತಲೆಯೆತ್ತಲಿಲ್ಲ. ಸೀಸೆಯಿಂದ ಉಳಿದರ್ಧವನ್ನು ತೆಗೆದು ಮುಂದಿಟ್ಟುಕೊಂಡಳು. ಈ ಸಲ ತಪ್ಪುವುದಿಲ್ಲ ಎಂದು ಅವಳಿಗೆ ಖಾತ್ರಿಯಿತ್ತು. ಆದರೂ ಬ್ಲೇಡು ಹಿಡಿದು ಅದನ್ನೂ ಎರಡು ಮಾಡಿದಳು. ಒಂದನ್ನು ಸೀಸೆಗೆ ಮರಳಿ ಹಾಕಿದಳು.

ಅದ್ದುವಾಗ ಅವಸರ ಮಾಡಲಿಲ್ಲ. ಓವನ್ ಬಾಗಿಲು ತೆಗೆದು ಇಣುಕುವ ಆಸೆಯನ್ನು ನುಂಗಿಕೊಂಡಳು.

ಹೆರೆದಾಗ ತೂತಿರಲಿಲ್ಲ. ಸೂಕ್ಷ್ಮದರ್ಶಕದಲ್ಲಿ ನರದ ಎಳೆಗಳು ಒಂದೊಂದಾಗಿ ಕಂಡವು. ಅವುಗಳ ಹೊದಿಕೆ ಎಲ್ಲೆಲ್ಲಿ ಕಿತ್ತುಹೋಗಿದೆ ಎನ್ನುವುದೂ ಕಂಡಿತು. ಮೇಷ್ಟ್ರು ಬಗ್ಗಿ ಬಹಳ ಹೊತ್ತು ನೋಡಿದರು. ಇದಕ್ಕೆ ಔಷಧ ಇದೆ, ಇವತ್ತೇ ಶುರು ಮಾಡಲಿ ಎಂದು ಡಾಕ್ಟರಿಗೆ ಹೇಳಿ ಕಳಿಸಿದರು.

ಅಂಬಿಕಾ ಸೀಸೆಯ ಮುಚ್ಚಳ ಬಿಗಿಮಾಡುತ್ತ ಕೇಳಿದಳು.

"ಆವತ್ತು ನಿಮಗೆ ನನ್ನ ಮೇಲೆ ನಂಬಿಕೆ ಇರಲಿಲ್ಲ, ಅಲ್ವಾ ಸರ್?"

ಮೇಷ್ಟ್ರು ಎದ್ದು ಹೋಗಿ ಫ್ಯಾನ್ ಆರಿಸಿದರು.

"ಇತ್ತು. ಆದರೆ ಕಾಲು ಮೌಲಾಸಾಬರದು, ನನ್ನದಲ್ಲ."